ಅಲಾಸ್ಕಾಕ್ಕೆ ಹೋದ ತಪ್ಪು ಚೀಲ

ಟ್ರಾವೆಲ್ ಏಜೆಂಟ್ ಕೆಲಸವೆಂದರೆ ಟಿಕೆಟ್ ಮಾರುವುದು ಎಂದುಕೊಂಡು ಬರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ಟಿಕೆಟ್ಟನ್ನು ಈಗ ಯಾರು ಬೇಕಾದರೂ ಫೋನಿನಲ್ಲೇ ಕೊಳ್ಳುತ್ತಾರೆ. ನಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬರುವವರು ಹೆದರಿಕೊಂಡು ಬರುತ್ತಾರೆ. ವೀಸಾ ಬರದಿದ್ದರೆ? ಮಗುವಿಗೆ ಜ್ವರ ಬಂದರೆ? ಅತ್ತೆಯವರ ಗಾಲಿಕುರ್ಚಿಯನ್ನು ವಿಮಾನದವರು ಒಪ್ಪದಿದ್ದರೆ? ಆ ಹೆದರಿಕೆಯನ್ನು ಅವರಿಂದ ಇಸಿದುಕೊಂಡು ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳುವುದೇ ಕೆಲಸ. ನಾನಂತೂ ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಎರಡು ಸಲ ವಾಪಸ್ ಹೋಗುವವಳು. ಅಂಥವಳು ಲಂಡನ್ನಿನ ಹ್ಯಾರೋ ಸ್ಟೇಷನ್ನಿನ ಹತ್ತಿರದ ಒಂದು ಪುಟ್ಟ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಊರವರ ಆತಂಕವನ್ನೆಲ್ಲ ಹೊತ್ತುಕೊಂಡು ಕೂತೆ.

ನಾನು ಸೇರಿದಾಗ ಟಿಕೆಟ್ಟನ್ನು ಕೈಯಲ್ಲಿ ಬರೆಯುತ್ತಿದ್ದೆವು. ಕೆಳಗೆ ಕೆಂಪು ಕಾರ್ಬನ್ನು, ಬೆರಳೆಲ್ಲ ಕೆಂಪು. ಆಮೇಲೆ ಕಂಪ್ಯೂಟರ್ ಬಂತು, ಆಮೇಲೆ ಕಾಗದವೇ ಹೋಯಿತು. ನಮ್ಮ ಮಾಲೀಕರು ಗುಜರಾತಿನವರು, ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರಿಗೆ ಎಲ್ಲದಕ್ಕೂ ಹೆಸರಿನ ಚೀಟಿ ಅಂಟಿಸುವ ಹುಚ್ಚು. ಸ್ಟೇಪ್ಲರಿಗೂ ಚೀಟಿ, ಕಸದ ಬುಟ್ಟಿಗೂ ಚೀಟಿ. 'ವತ್ಸಲಾಬೆನ್, ನಿಮ್ಮ ಶೆಲ್ಫಿಗೂ ಅಂಟಿಸಿ' ಎಂದು ಅವರು ಹೇಳಿದಾಗಲೆಲ್ಲ ನಾನು ನಗುತ್ತಿದ್ದೆ. ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಅಷ್ಟು ಜಂಬ ಇತ್ತು.

ಆ ಶೆಲ್ಫಿನ ಕತೆ ಹೇಳಬೇಕು. ಹೊರಡುವ ದಿನ ಒಳ್ಳೆಯ ಗಳಿಗೆ ಸಿಗದಿದ್ದರೆ ನಮ್ಮವರು ಪ್ರಸ್ಥಾನ ಇಡುತ್ತಾರೆ. ಒಂದೆರಡು ದಿನ ಮುಂಚೆ ಒಳ್ಳೆಯ ಹೊತ್ತು ನೋಡಿ, ತಮ್ಮ ಸಾಮಾನಿನ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದಂತೆ. ಹೊರಡುವಾಗ ಚೀಲ ಎತ್ತಿಕೊಂಡು ಹೋಗಬೇಕು, ಅದನ್ನು ಮತ್ತೆ ಮನೆಯೊಳಗೆ ತರಕೂಡದು. ಊರಿನಲ್ಲಾದರೆ ಪಕ್ಕದ ಮನೆಯವರು ಇರುತ್ತಾರೆ. ಇಲ್ಲಿ ಪಕ್ಕದ ಮನೆಯ ಇಂಗ್ಲಿಷ್ ಅಜ್ಜನ ಹತ್ತಿರ ಹೋಗಿ ಏನೆಂದು ವಿವರಿಸುತ್ತೀರಿ? ಒಬ್ಬರು ವೆಂಬ್ಲಿಯಲ್ಲಿ ಗೆಳೆಯರ ಮನೆಯಲ್ಲಿ ಇಟ್ಟು, ಆ ಗೆಳೆಯರು ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿ, ಇವರು ಬಾಗಿಲ ಮುಂದೆ ನಿಂತು ನನಗೆ ಫೋನ್ ಮಾಡಿದ್ದರು. ಅವತ್ತಿನಿಂದ 'ನಮ್ಮ ಅಂಗಡೀಲೇ ಇಡಿ' ಎಂದೆ. ನನ್ನ ಕುರ್ಚಿಯ ಹಿಂದಿನ ಶೆಲ್ಫು ಹಾಗೆ ಪ್ರಸ್ಥಾನದ ಶೆಲ್ಫಾಯಿತು.

ಇನ್ನೊಬ್ಬರು ಚೀಲದಲ್ಲಿ ಬರೀ ರವಿಕೆ ಕಣ, ಅಡಿಕೆ ಇಟ್ಟು, ತೆಗೆದುಕೊಂಡು ಹೋಗುವುದನ್ನೇ ಮರೆತು, ಹೀಥ್ರೋ ಹತ್ತಿರ ನೆನಪಾಗಿ ಕಾರು ತಿರುಗಿಸಿ ವಿಮಾನ ತಪ್ಪಿಸಿಕೊಂಡರು. ಆಮೇಲೆ ನಾನೇ ಒಂದು ನಿಯಮ ಮಾಡಿದೆ. 'ಮರೆಯಬಾರದ್ದನ್ನೇ ಚೀಲದಲ್ಲಿ ಇಡಿ. ಆಗ ಚೀಲ ಮರೆಯಲ್ಲ.' ಎಲ್ಲರೂ ಭೇಷ್ ಎಂದರು. ಎಷ್ಟೋ ವರ್ಷ ಆ ನಿಯಮ ಚೆನ್ನಾಗಿಯೇ ನಡೆಯಿತು.

ಈಗ ಸಹನಾ, ಗಿರೀಶ್ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನವರು, ಇಬ್ಬರೂ ಕಂಪ್ಯೂಟರ್ ಕೆಲಸದಲ್ಲಿದ್ದವರು, ಸ್ಟ್ಯಾನ್ಮೋರ್‌ನಲ್ಲಿ ಮನೆ. ಮಗಳು ಮೈತ್ರಿಗೆ ಎಂಟು ವರ್ಷ, ಮಗ ನಕುಲನಿಗೆ ಐದು. ಮೈತ್ರಿಗೆ ಗೋಡಂಬಿ, ಪಿಸ್ತಾ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮೈ ತುರಿಸುವಷ್ಟಕ್ಕೆ ನಿಲ್ಲುವುದಿಲ್ಲ. ಮೂರನೇ ವರ್ಷದಲ್ಲಿ ಯಾರದೋ ನಾಮಕರಣದಲ್ಲಿ ಒಂದು ಚೂರು ಬರ್ಫಿ ತಿಂದು ಗಂಟಲು ಊದಿ, ಉಸಿರು ನಿಂತು, ಆಂಬ್ಯುಲೆನ್ಸಿನಲ್ಲಿ ಹೋಗಿ ಉಳಿದ ಮಗು. ಅಂದಿನಿಂದ ಅವಳು ಹೋದಲ್ಲೆಲ್ಲ, ಮತ್ತೆ ಹಾಗಾದರೆ ತಕ್ಷಣ ಚುಚ್ಚಲು, ಅಡ್ರಿನಲಿನ್ ತುಂಬಿದ ಎರಡು ಚುಚ್ಚುಮದ್ದಿನ ಪೆನ್ನುಗಳು ಹೋಗಬೇಕು.

ಅವರು ಕೇಳಿದ್ದು ಅಲಾಸ್ಕಾದ ನಿರ್ಜನ ಕಡಲಿನ ಕ್ರೂಸ್, ಅಂದರೆ ಹಡಗಿನ ಪ್ರವಾಸ. ದೊಡ್ಡ ಹಡಗಲ್ಲ. ಅರವತ್ತು ಜನರ ಪುಟ್ಟ ಹಡಗು. ಊರುಗಳ ತಂಟೆಗೇ ಹೋಗದೆ ಏಳು ದಿನ ಹಿಮನದಿಗಳ ನಡುವೆ ಸುತ್ತುವುದು, ರಬ್ಬರ್ ದೋಣಿಯಲ್ಲಿ ಕುಳಿತು ಕರಡಿ, ತಿಮಿಂಗಿಲ ನೋಡುವುದು. ಫೋನ್ ಸಿಗ್ನಲ್ ಇಲ್ಲ. ಹಡಗಿನಲ್ಲಿ ಡಾಕ್ಟರಿಲ್ಲ. ಏನಾದರೂ ಆದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಬರಬೇಕು, ಅದೂ ಮೋಡ ಮಂಜು ಬಿಟ್ಟುಕೊಟ್ಟರೆ.

'ಡಾಕ್ಟರಿರೋ ದೊಡ್ಡ ಹಡಗಲ್ಲಿ ಹೋಗಿ ಕಣಮ್ಮ. ಈಜುಕೊಳ ಇರುತ್ತೆ, ಮಕ್ಕಳಿಗೂ ಆಟಕ್ಕೆ ಜಾಗ' ಎಂದೆ.

'ಆಂಟಿ, ಇವಳನ್ನ ಒಂದು ಬರ್ತ್‌ಡೇ ಪಾರ್ಟಿಗೂ ನೆಮ್ಮದಿಯಾಗಿ ಕಳಿಸಿಲ್ಲ ನಾನು' ಎಂದಳು ಸಹನಾ. 'ಸ್ಕೂಲ್ ಟ್ರಿಪ್ಪಿಗೆ ಹೋದ್ರೆ ಹಿಂದೆ ಕಾರಲ್ಲಿ ನಾನೂ ಹೋಗ್ತೀನಿ. ಬರೀ ಬೇಡ, ಮುಟ್ಬೇಡ, ತಿನ್ಬೇಡ ಅನ್ನೋದೇ ಆಯ್ತು. ತಿಮಿಂಗಿಲ ನೋಡ್ಬೇಕು ಅಂತಾಳೆ. ಒಂದು ದೊಡ್ಡ ವಿಷಯಕ್ಕಾದ್ರೂ ಹ್ಞೂಂ ಅನ್ಬೇಕು ಅನ್ಸಿದೆ. ಹಡಗಿನವರು ಅಡುಗೇಲಿ ನಟ್ಸ್ ಹಾಕಲ್ಲ ಅಂತ ಬರ್ಕೊಟ್ಟಿದಾರೆ.'

ಮೈತ್ರಿ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಆಡುವುದು ಮಾತ್ರ ಇಂಗ್ಲಿಷು. 'ಪ್ಲೀಸ್, ಆಂಟಿ' ಎಂದಳು. ನಾನು ಬುಕ್ ಮಾಡಿದೆ. ಹಡಗಿನವರ ಆರೋಗ್ಯದ ಫಾರಂನಲ್ಲಿ 'ಮಗುವಿನ ಜೊತೆ ಎರಡು ಪೆನ್ನು ಇರುತ್ತವೆ' ಎಂದು ನಾನೇ ತುಂಬಿದೆ. ಅಂಥ ಫಾರಂಗಳನ್ನು ನೂರಾರು ತುಂಬಿದ್ದೇನೆ.

ಬೇಸಿಗೆ ರಜೆ ಶುರುವಾದ ವಾರ ಅವರ ವಿಮಾನ, ಶನಿವಾರ ಬೆಳಿಗ್ಗೆ. ಬೆಂಗಳೂರಿನಿಂದ ಸಹನಾಳ ಅಮ್ಮ ಪಂಚಾಂಗ ನೋಡಿ ಶನಿವಾರ ಚೆನ್ನಾಗಿಲ್ಲ, ಗುರುವಾರ ಪ್ರಸ್ಥಾನ ಇಡು ಎಂದರಂತೆ. ಸಹನಾಗೆ ಇದರಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಮಗುವಿನ ವಿಷಯ, ಯಾಕೆ ಬೇಡ ಅನ್ನುವುದು ಎಂದು ಚೀಲ ತಂದಳು. 'ನಿಮ್ಮ ರೂಲ್ ಪ್ರಕಾರ ಮರೆಯಬಾರದ್ದನ್ನೇ ಇಟ್ಟಿದೀನಿ. ಜಿಪಿ ಡಾಕ್ಟರ ಹತ್ರ ಬರೆಸಿದ ಹೊಸ ಪೆನ್ನುಗಳು. ಹೊರಡೋವರ್ಗೂ ಹಳೇ ಜೊತೆ ಮನೇಲಿದೆ, ಈ ತಿಂಗಳಿಗೆ ಡೇಟ್ ಮುಗಿಯುತ್ತೆ' ಎಂದಳು. ನಾನು 'ಜಾಣೆ' ಎಂದೆ. ಈಗ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಆ ಚೀಲ ಒಂದು ಮದುವೆಯ ತಾಂಬೂಲದ ಚೀಲ. ಹಸಿರು ಬಟ್ಟೆ, ಕೆಂಪು ಅಂಚು. ಆ ವರ್ಷ ಹ್ಯಾರೋದಲ್ಲಿ ಒಂದು ದೊಡ್ಡ ಮದುವೆಯಾಗಿತ್ತು, ನಮ್ಮವರ ಅರ್ಧ ಮನೆಗಳಲ್ಲಿ ಅದೇ ಚೀಲ. ಆ ಮದುವೆಗೆ ಅಡುಗೆ ಮಾಡಿದ್ದ, ಹತ್ತಿರದಲ್ಲೇ ಹೋಟೆಲಿಟ್ಟಿದ್ದ ಕುಂದಾಪುರದ ಸುಬ್ರಾಯಣ್ಣನ ಮನೆಯಲ್ಲಂತೂ ಒಂದು ಕಟ್ಟೇ ಇತ್ತು. ಅವನು ಭಾನುವಾರ ಊರಿಗೆ ಹೊರಟಿದ್ದ. ಅವನೂ ಶುಕ್ರವಾರ ಮಧ್ಯಾಹ್ನ ಬಂದು ಒಂದು ಹಸಿರು ಚೀಲ ಇಟ್ಟು ಹೋದ. ಎರಡೂ ಚೀಲಗಳ ಬಾಯಿ ಗಂಟು ಹಾಕಿತ್ತು. ಮೊದಲು ಹೋಗುವವರದು ಎಡಕ್ಕೆ, ಆಮೇಲೆ ಹೋಗುವವರದು ಬಲಕ್ಕೆ ಇಡುವುದು ನನ್ನ ಕ್ರಮ. ಅವತ್ತು ಏನೋ ಕಾಗದ ಹುಡುಕುವಾಗ ಎರಡನ್ನೂ ಎತ್ತಿ ಮತ್ತೆ ಇಟ್ಟಿದ್ದೆ.

ಶನಿವಾರ ಅಂಗಡಿ ತೆರೆಯುವ ಮುಂಚೆಯೇ ಹೊರಡಬೇಕಿದ್ದರಿಂದ ಶುಕ್ರವಾರ ಸಂಜೆಯೇ ಗಿರೀಶ್ ಬಂದ. ಅಂಗಡಿಯ ಮುಂದೆ ಡಬಲ್ ಯೆಲ್ಲೋ ಲೈನು, ಕಾರು ನಿಲ್ಲಿಸಿದರೆ ದಂಡ. ಬಾಗಿಲಲ್ಲೇ ನಿಂತು 'ಆಂಟಿ ಬೇಗ, ವಾರ್ಡನ್ ಬರ್ತಾ ಇದಾನೆ!' ಎಂದು ಕೂಗಿದ. ನಾನು ಫೋನಿನಲ್ಲಿ ಇನ್ನೊಬ್ಬರ ವೀಸಾ ಗೋಳು ಕೇಳುತ್ತಿದ್ದೆ. ತಿರುಗಿಯೂ ನೋಡದೆ ಕೈ ಹಿಂದೆ ಹಾಕಿ ಕೈಗೆ ಸಿಕ್ಕ ಚೀಲ ಕೊಟ್ಟೆ. ಪ್ರಸ್ಥಾನದ ಚೀಲ ಮನೆಯೊಳಗೆ ಹೋಗಬಾರದಲ್ಲ, ಅವನು ಅದನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟ. ಬೆಳಿಗ್ಗೆ ಡಿಕ್ಕಿಯಿಂದ ನೇರ ಕೈಸಾಮಾನಿಗೆ. ಯಾರೂ ಬಿಚ್ಚಿ ನೋಡಲಿಲ್ಲ. ಬಿಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸುಬ್ರಾಯಣ್ಣ ತನ್ನ ಚೀಲಕ್ಕೆ ಬಂದ. ಎತ್ತಿ ತೂಗಿ ನೋಡಿದ. 'ಎಂತ ಅಕ್ಕಾ, ಹಗುರ ಆಯ್ತಲೆ?' ಎನ್ನುತ್ತ ಗಂಟು ಬಿಚ್ಚಿದ. 'ಇದ್ ನಂದಲ್ಲ ಮಾರ್ರೆ! ಇದೆಂತದೋ ಮದ್ದ್!'

ನೋಡಿದೆ. ಎರಡು ಪೆನ್ನು, ಮೇಲೆ ಮೈತ್ರಿಯ ಹೆಸರಿನ ಔಷಧಿ ಅಂಗಡಿಯ ಚೀಟಿ. ಗಡಿಯಾರ ನೋಡಿದೆ. ಅವರ ವಿಮಾನ ಹೋಗಿ ಒಂದೂವರೆ ಗಂಟೆಯಾಗಿತ್ತು.

'ನಿನ್ನ ಚೀಲದಲ್ಲಿ ಏನಿತ್ತು ಸುಬ್ರಾಯಣ್ಣ?'

'ತಂಗಿಗೆ ಅಂದೇಳಿ ಸೌತ್‌ಹಾಲಿಂದ ತಂದದ್. ಎರಡ್ ಕಿಲೊ ಪಿಸ್ತಾ, ಗೋಡಂಬಿ. ನೀವೇ ಹೇಳಿದ್ರಲೆ, ಮರೂಕಾಗದ್ದನ್ನೇ ಇಡಿ ಅಂದೇಳಿ.'

ಆ ಮಗುವಿನ ಕೈಯಿಂದ ಔಷಧಿ ಕಿತ್ತುಕೊಂಡು, ಅದರ ಬದಲು ಅವಳ ಪಾಲಿನ ವಿಷವನ್ನು ಗಂಟು ಕಟ್ಟಿ ಕೊಟ್ಟು ಕಳಿಸಿದ್ದೆ. ಹತ್ತು ಗಂಟೆಯ ಹಾರಾಟ. ಹಸಿದ ಐದು ವರ್ಷದ ತಮ್ಮ ಪಕ್ಕದಲ್ಲಿ.

ವಿಮಾನದ ಕಂಪನಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗ ಎಲ್ಲ ಬರೆದುಕೊಂಡು, ಸಂದೇಶ ವಿಮಾನಕ್ಕೆ ಮುಟ್ಟುತ್ತದೆಂದು ಖಾತ್ರಿ ಕೊಡಲಾರೆ ಎಂದ. ಗಿರೀಶ್, ಸಹನಾ ಇಬ್ಬರಿಗೂ ಮೆಸೇಜ್ ಹಾಕಿದೆ. 'ಹಸಿರು ಚೀಲ ಬಿಚ್ಚಬೇಡಿ. ಅದರಲ್ಲಿ ಪಿಸ್ತಾ ಇದೆ. ಪೆನ್ನು ನನ್ನ ಹತ್ತಿರ ಇದೆ. ಇಳಿದ ತಕ್ಷಣ ಫೋನ್ ಮಾಡಿ.' ಇಳಿದ ಮೇಲೆ ಓದುವ ಮೆಸೇಜಿಗೆ 'ಬಿಚ್ಚಬೇಡಿ' ಎಂದು ಬರೆದ ನನ್ನ ಬುದ್ಧಿಗೆ ಏನು ಹೇಳಲಿ.

ಸಾಹೇಬರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿದರು. ಕೆಟ್ಟವರಲ್ಲ ಅವರು, ಹೆದರಿದ್ದರು. 'ವತ್ಸಲಾಬೆನ್, ಕೈಮುಗಿಯುತ್ತೇನೆ. ನೀವು ಕೊಟ್ಟಿರಿ ಎಂದು ಹೇಳಬೇಡಿ. ಶೆಲ್ಫಿನಿಂದ ಅವನೇ ಎತ್ತಿಕೊಂಡು ಹೋದ ಎನ್ನಿ. ಮಗುವಿಗೆ ಏನಾದರೂ ಆದರೆ ಅಂಗಡಿ ಉಳಿಯುವುದಿಲ್ಲ. ನೋಡಿದವರು ಯಾರಿದ್ದಾರೆ?' ಯಾರೂ ಇರಲಿಲ್ಲ, ನಿಜ. ನಾನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸುಳ್ಳೇಕೆ, ಆ ಮಾತು ನನ್ನೊಳಗೆ ಬಹಳ ಹೊತ್ತು ಕೂತಿತ್ತು.

ಸುಬ್ರಾಯಣ್ಣ ಹೋಗಲಿಲ್ಲ. ತನ್ನ ಹೋಟೆಲಿನಿಂದ ಚಹಾ ತರಿಸಿಕೊಟ್ಟು ಎದುರಿಗೆ ಕೂತ. 'ನನ್ ಪ್ರಸ್ಥಾನ ಅಲಾಸ್ಕಾಕ್ ಹೋಯ್ತಲೆ ಅಕ್ಕಾ, ನಾನ್ ನಾಳೆ ಊರಿಗ್ ಮುಟ್ಟುದ್ ಹ್ಯಾಂಗೆ?' ಎಂದು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ. ಐದಕ್ಕೆ ಅಂಗಡಿ ಮುಚ್ಚಿದೆವು. ನಾನೂ ಸುಬ್ರಾಯಣ್ಣನೂ ಒಳಗೇ ಕೂತೆವು. ಕಂಪ್ಯೂಟರಿನಲ್ಲಿ ಅವರ ವಿಮಾನದ ಪುಟ್ಟ ಚಿತ್ರ ಗ್ರೀನ್‌ಲ್ಯಾಂಡಿನ ಮೇಲೆ, ಕೆನಡಾದ ಮೇಲೆ ಇರುವೆಯ ಹಾಗೆ ಸರಿಯುತ್ತಿತ್ತು. ಅದು ಎಲ್ಲಾದರೂ ಸಟ್ಟನೆ ದಾರಿ ಬದಲಿಸಿ ಇಳಿದರೆ ಮಗುವಿಗೆ ಏನೋ ಆಗಿದೆ ಎಂದೇ ಅರ್ಥ. ಕಣ್ಣು ಮಿಟುಕಿಸಲೂ ಭಯವಾಗುತ್ತಿತ್ತು.

ಸಂಜೆ ಎಂಟೂವರೆಗೆ, ಹೊರಗೆ ಇನ್ನೂ ಬಿಸಿಲಿರುವಾಗಲೇ, ಫೋನ್ ಬಂತು. ಅವರು ವಿಮಾನ ಬದಲಿಸುವ ಸಿಯಾಟಲ್‌ನಿಂದ ಗಿರೀಶ್.

'ಮಗು?' ಎಂದೆ.

'ಚೆನ್ನಾಗಿದಾಳೆ ಆಂಟಿ.' ಅವನ ದನಿ ಒಣಗಿತ್ತು. ಹೊರಟು ನಾಲ್ಕು ಗಂಟೆಯ ಮೇಲೆ ನಕುಲ ತಿಂಡಿ ಹುಡುಕುತ್ತ ಚೀಲದ ಗಂಟು ಬಿಚ್ಚಿದನಂತೆ. ಪಿಸ್ತಾ ಪೊಟ್ಟಣ ಹಲ್ಲಿನಲ್ಲಿ ಕಚ್ಚಿ ಹರಿಯುವಷ್ಟರಲ್ಲಿ ಮೈತ್ರಿ ನೋಡಿ, ಇಡೀ ವಿಮಾನಕ್ಕೆ ಕೇಳುವಂತೆ 'ಡೋಂಟ್ ಓಪನ್ ಇಟ್!' ಎಂದು ಕಿರುಚಿ, ಸೀಟಿನ ಮೇಲೆ ಹತ್ತಿ ನಿಂತು, ಗಗನಸಖಿಯನ್ನು ತಾನೇ ಕರೆದಳಂತೆ. ಅವಳನ್ನು ಮುಂದಿನ ಸಾಲಿಗೆ ಒಯ್ದು ಕೂರಿಸಿದರು. ಆಮೇಲೆ ಪೆನ್ನು ಹುಡುಕಿದರೆ ಪೆನ್ನಿಲ್ಲ, ಹಳೇ ಜೊತೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಉಳಿದ ಆರು ಗಂಟೆ ಮಗು ನೀರು ಕೂಡ ಕುಡಿಯದೆ ಕೂತಿತ್ತು.

'ಆಂಟಿ, ಒಂದು ಕೇಳ್ತೀನಿ' ಎಂದ ಗಿರೀಶ್. 'ನೀವು ಕೊಟ್ರಾ, ನಾನೇ ಅವಸರದಲ್ಲಿ ಎತ್ಕೊಂಡ್ನಾ? ನನಗೆ ತಲೆಯೇ ಓಡ್ತಿಲ್ಲ. ಒಂದು ಚೀಲ ತರೋಕೆ ಯೋಗ್ಯತೆ ಇಲ್ವಾ ಅಂತ ಸಹನಾ ಬೈದಳು. ಆಮೇಲೆ ಮಾತೇ ಆಡಿಲ್ಲ.'

ಎದುರಿಗೆ ಸುಬ್ರಾಯಣ್ಣ ನನ್ನನ್ನೇ ನೋಡುತ್ತಿದ್ದ. ಸಾಹೇಬರ ಮಾತು ನಾಲಿಗೆಯ ತುದಿಯಲ್ಲಿತ್ತು. ಗಿರೀಶನಿಗೇ ಗೊತ್ತಿರಲಿಲ್ಲ, ನಾನು ಏನು ಹೇಳಿದರೂ ನಂಬುತ್ತಿದ್ದ.

'ನಾನೇ ಕೊಟ್ಟೆ ಗಿರೀಶ್. ತಿರುಗಿ ನೋಡದೆ ಕೊಟ್ಟೆ. ತಪ್ಪು ಪೂರ್ತಿ ನನ್ನದು. ಸಹನಾಗೆ ಫೋನ್ ಕೊಡಪ್ಪ.'

ಸಹನಾ ತೆಗೆದುಕೊಂಡಳು. ಅಳಲಿಲ್ಲ, ಕೂಗಲಿಲ್ಲ. 'ನಿಮ್ಮನ್ನ ನಂಬಿ ಇಟ್ಟಿದ್ದೆ ಆಂಟಿ' ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. 'ಹೌದಮ್ಮ' ಎಂದೆ.

ಆಮೇಲೆ ಮಾಡಬೇಕಾದ್ದನ್ನು ಮಾಡಿದೆವು. ಹಡಗು ಹೊರಡುವುದು ಮರುದಿನ ಅಲಾಸ್ಕಾದ ಜೂನೋ ಎಂಬ ಊರಿನಿಂದ. ಅಲ್ಲಿನ ಕಚೇರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಪೆನ್ನಿಲ್ಲದೆ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ ಎಂದರು, ನ್ಯಾಯವೇ. ಸಿಯಾಟಲ್‌ನ ಒಂದು ಕ್ಲಿನಿಕ್ಕಿಗೆ ಅವರನ್ನು ಕಳಿಸಿದೆ. ಪೆನ್ನಿನ ಮೇಲಿದ್ದ ಚೀಟಿಯ ಫೋಟೋ ತೆಗೆದು ಕಳಿಸಿದೆ, ಅದನ್ನು ನೋಡಿ ಅಲ್ಲಿನ ಡಾಕ್ಟರು ಬರೆದುಕೊಟ್ಟರು. ಮೂರು ಔಷಧಿ ಅಂಗಡಿಗಳಲ್ಲಿ ಮಕ್ಕಳ ಅಳತೆಯದು ಇರಲಿಲ್ಲ. ಬೆಳಿಗ್ಗೆ ಎದ್ದಾಗ ನನ್ನ ಫೋನಿನಲ್ಲಿ ಒಂದು ಚಿತ್ರವಿತ್ತು. ಮೈತ್ರಿಯ ಪುಟ್ಟ ಕೈ, ಅದರಲ್ಲಿ ಎರಡು ಪೆನ್ನು. ಕೆಳಗೆ ಒಂದಕ್ಷರ ಇರಲಿಲ್ಲ.

ಹಡಗು ಹೊರಟಿತು. ಆಮೇಲಿನ ಏಳು ದಿನ ಹೇಗೆ ಕಳೆದೆನೋ. ಅಂಗಡಿ ತೆರೆಯುವುದು, ಭೂಪಟದಲ್ಲಿ ಆ ನೀಲಿ ಸಂದುಗಳನ್ನು ನೋಡುವುದು. ಅಡುಗೆಯವರು ಮರೆತು ಏನಾದರೂ ಹಾಕಿದರೆ? ಪಕ್ಕದ ಮೇಜಿನವರು ಚಾಕೊಲೇಟ್ ಕೊಟ್ಟರೆ? ಮಂಜು ಮುಸುಕಿದ್ದರೆ ಆ ಪುಟ್ಟ ವಿಮಾನ ಎಲ್ಲಿ ಇಳಿಯುತ್ತದೆ? ದಿನಾ ಜೂನೋ ಕಚೇರಿಗೆ ಫೋನ್ ಮಾಡುತ್ತಿದ್ದೆ. ಮೂರನೇ ದಿನ ಅಲ್ಲಿನ ಹೆಂಗಸು ನನ್ನ ದನಿ ಗುರುತು ಹಿಡಿದು, ಏನಾದರೂ ಇದ್ದರೆ ನಾನೇ ಫೋನ್ ಮಾಡುತ್ತೇನೆ, ದಯವಿಟ್ಟು ಈಗ ಇಡಿ ಎಂದಳು. ಶೆಲ್ಫಿನಲ್ಲಿ ಉಳಿದುಹೋದ ಮೈತ್ರಿಯ ಪೆನ್ನುಗಳನ್ನು ನಾನು ನನ್ನ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಟ್ಯೂಬ್ ರೈಲಿನಲ್ಲಿ, ದೇವಸ್ಥಾನದಲ್ಲಿ, ಮಲಗುವಾಗ ದಿಂಬಿನ ಪಕ್ಕದಲ್ಲಿ. ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದೆ.

ಅವರು ವಾಪಸ್ ಬಂದ ಮರುದಿನವೇ ನಾಲ್ವರೂ ಅಂಗಡಿಗೆ ಬಂದರು. ಸಹನಾಳ ಮುಖ ಬಿಗಿದಿತ್ತು. ಸುಬ್ರಾಯಣ್ಣನ ಚೀಲ ಮೇಜಿನ ಮೇಲಿಟ್ಟಳು. ಖಾಲಿ, ಒಗೆದು ಮಡಚಿತ್ತು. ಗಿರೀಶ್ ಬಾಗಿಲ ಹತ್ತಿರವೇ ನಿಂತ. ಸಾಹೇಬರು ಒಳಗಿನ ಕೋಣೆಯಿಂದ ಇಣುಕಿ ಹಿಂದೆ ಸರಿದರು. ನಕುಲ ಮಾತ್ರ ತಿಮಿಂಗಿಲ ಬಾಲ ಬಡಿದದ್ದನ್ನು ಕೈ ಬಡಿದು ತೋರಿಸಿದ.

ನಾನು ಕೈಚೀಲದಿಂದ ಪೆನ್ನು ತೆಗೆದು ಮೈತ್ರಿಗೆ ಕೊಟ್ಟೆ. ಅವಳಿಗೆ ಆಶ್ಚರ್ಯವಾಯಿತು. ಇಷ್ಟು ದಿನ ನಿಮ್ಮ ಬ್ಯಾಗಿನಲ್ಲೇ ಇತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

'ಹ್ಞೂಂ ಪುಟ್ಟಿ. ಎಲ್ಲಿ ಹೋದ್ರೂ ಇಟ್ಕೊಂಡಿದ್ದೆ.'

'ಬಟ್ ಐ ವಾಸ್ ಇನ್ ಅಲಾಸ್ಕಾ' ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ಇದನ್ನು ಹಾಕುವುದು ನಿಮಗೆ ಗೊತ್ತಾ ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಫಾರಂ ತುಂಬಿದ್ದೇನೆ, ಒಂಬತ್ತು ದಿನ ಅದನ್ನು ಎದೆಗೆ ಅವುಚಿಕೊಂಡು ತಿರುಗಿದ್ದೇನೆ, ಮುಚ್ಚಳ ಯಾವ ಕಡೆ ಎಂದೂ ಗೊತ್ತಿರಲಿಲ್ಲ. 'ಇಲ್ಲಮ್ಮ' ಎಂದೆ.

ಮೈತ್ರಿ ಮೇಜು ಸುತ್ತಿಕೊಂಡು ನನ್ನ ಕಡೆ ಬಂದಳು. ಪೆನ್ನುಗಳನ್ನು ಜೋಪಾನವಾಗಿ ಬದಿಗಿಟ್ಟು, ನನ್ನ ಬರೆಯುವ ಮಾರ್ಕರನ್ನು ಕೈಗೆ ಕೊಟ್ಟಳು. ಮುಷ್ಟಿಯಲ್ಲಿ ಹಿಡಿಯಬೇಕು, ಮುಚ್ಚಳ ತೆಗೆಯಬೇಕು, ತೊಡೆಯ ಹೊರಬದಿಗೆ ಒತ್ತಬೇಕು, ಬಟ್ಟೆಯ ಮೇಲೇ ಪರವಾಗಿಲ್ಲ. ನಾನು ಮೆಲ್ಲಗೆ ಒತ್ತಿದೆ. 'ಹಾರ್ಡರ್, ಆಂಟಿ' ಎಂದಳು. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿದಳು. ಈಗ ಎಣಿಸಿ, ಬಿಡಬೇಡಿ ಎಂದಳು.

ನಾನು ಎಣಿಸಿದೆ. ಗಾಬರಿಯಲ್ಲಿ ಬಾಯಿಗೆ ಬರುವುದು ಕನ್ನಡವೇ. ಒಂದು, ಎರಡು, ಮೂರು. ಅವಳೂ ಜೊತೆಗೆ ಕನ್ನಡದಲ್ಲೇ ಎಣಿಸಿದಳು. ಹತ್ತಕ್ಕೆ ಬಂದು ತಲೆ ಎತ್ತಿದಾಗ ಸಹನಾ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

'ಇನ್ನೊಂದ್ಸಲ ಮಾಡಿ ಆಂಟಿ' ಎಂದಳು. 'ನಾನು ನೋಡ್ಬೇಕು.'

ಮಾರ್ಕರಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಮೊದಲಿನಿಂದ ಮಾಡಿ ತೋರಿಸಿದೆ.